ಕೆರೆಯ ದಂಡೆಯಲ್ಲಿ ಡಿಸ್ಕ್ ಗಾಲ್ಫ್: ತಾತ್ಕಾಲಿಕ ಕೋರ್ಸಿನಲ್ಲಿ ಆಡುವ ಬಗೆ

ಅಮೆರಿಕದ ಅನೇಕ ಊರುಗಳಲ್ಲಿ ಕೆರೆಗೆ ಹೊಂದಿಕೊಂಡಂತೆ ಒಂದು ಸಾರ್ವಜನಿಕ ಉದ್ಯಾನವಿರುತ್ತದೆ. ಸ್ಥಳೀಯ ಡಿಸ್ಕ್ ಗಾಲ್ಫ್ ಆಟಗಾರರು ವಾರಾಂತ್ಯದ ಪಂದ್ಯಕ್ಕಾಗಿ ಅಲ್ಲಿಗೆ ಹೊತ್ತೊಯ್ಯಬಹುದಾದ ಬಾಸ್ಕೆಟ್‌ಗಳನ್ನು ತಂದು ನಿಲ್ಲಿಸಿ, ಹುಲ್ಲಿನ ಮೇಲೆ ಹಗ್ಗ ಹಾಸಿ, ಸಣ್ಣ ಬಾವುಟಗಳನ್ನು ಚುಚ್ಚಿ 9 ಅಥವಾ 18 ಹೋಲ್‌ಗಳ ಕೋರ್ಸೊಂದನ್ನು ಕಟ್ಟುತ್ತಾರೆ. ಪಂದ್ಯ ಮುಗಿದ ಸಂಜೆ ಎಲ್ಲವನ್ನೂ ಕಿತ್ತು ಒಯ್ಯುತ್ತಾರೆ. ಆಟದ ಮೂಲ ಸರಳವಾದದ್ದು. ಟೀ ಎಂಬ ಆರಂಭದ ಜಾಗದಿಂದ, ಫ್ರಿಸ್ಬಿಯಂಥ ತಟ್ಟೆಯಾದ ಡಿಸ್ಕನ್ನು ಎಸೆಯಬೇಕು, ಅದು ಬಿದ್ದು ನಿಂತಲ್ಲಿಂದ ಮತ್ತೆ ಎಸೆಯಬೇಕು, ಸರಪಳಿಗಳು ತೂಗುವ ಬಾಸ್ಕೆಟ್ಟಿನೊಳಗೆ ಅದು ಕೂರುವವರೆಗೆ ಹೀಗೆಯೇ ಸಾಗಬೇಕು. ಟೀಯಿಂದ ಬಾಸ್ಕೆಟ್ಟಿನವರೆಗಿನ ಇಂಥ ಒಂದೊಂದು ಹಂತವೇ ಒಂದು ಹೋಲ್; ಎಲ್ಲ ಹೋಲ್‌ಗಳನ್ನು ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ.

ಶಾಶ್ವತ ಕೋರ್ಸಿನಲ್ಲಿ ಸಿಮೆಂಟಿನ ಟೀ, ದೂರ ಮತ್ತು ದಿಕ್ಕು ತಿಳಿಸುವ ಫಲಕ, ಜನ ನಡೆದು ನಡೆದು ಮೂಡಿದ ಕಾಲುದಾರಿ, ಇವೆಲ್ಲ ಹೊಸಬರಿಗೂ ದಾರಿ ತೋರುತ್ತವೆ. ತಾತ್ಕಾಲಿಕ ಕೋರ್ಸಿನಲ್ಲಿ ಇವು ಯಾವುವೂ ಇರುವುದಿಲ್ಲ. ನಿನ್ನೆ ಸಂಜೆ ಹಾಸಿದ ಹಗ್ಗವೇ ಇಂದಿನ ಗಡಿ, ಎರಡು ಬಾವುಟಗಳ ನಡುವಿನ ಜಾಗವೇ ಟೀ. ಇದರ ಜೊತೆಗೆ ಕೆರೆಯೂ ಸೇರಿಕೊಂಡರೆ, ತೋಳಿನ ಬಲಕ್ಕಿಂತ ಕೋರ್ಸನ್ನು ಓದುವ ಜಾಣ್ಮೆಗೇ ಹೆಚ್ಚು ಬೆಲೆ. ಡಿಸ್ಕನ್ನು ಎಲ್ಲಿಗೆ ತಲುಪಿಸಬೇಕೆಂದು ಯೋಚಿಸುವುದಕ್ಕೆ ಮೊದಲು, ಎಸೆತ ಕೆಟ್ಟರೆ ಅದು ಎಲ್ಲಿ ಬಿದ್ದರೂ ಚಿಂತೆಯಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಸಲಹೆಗಳು ಇದೇ ಒಂದು ಮಾತಿನಿಂದ ಹುಟ್ಟಿದವು.

ತಾತ್ಕಾಲಿಕ ಕೋರ್ಸ್ ಎಂದರೆ ಅರೆಬರೆ ವ್ಯವಸ್ಥೆ ಎಂದು ಭಾವಿಸಬೇಕಾಗಿಲ್ಲ. ಮೊದಮೊದಲಿಗೆ ಈ ಆಟವನ್ನು ಆಡಿದವರು ಮರ, ಕಂಬ, ಕಸದ ಡಬ್ಬಿಗಳನ್ನೇ ಗುರಿಯಾಗಿಸಿಕೊಂಡಿದ್ದರು. ಎಡ್ ಹೆಡ್ರಿಕ್ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸನ್ನು ರೂಪಿಸಿದರು. 1976ರಲ್ಲಿ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು, ಅಂದರೆ ಇಂದು ಎಲ್ಲರೂ ಪಿಡಿಜಿಎ ಎನ್ನುವ ಸಂಸ್ಥೆಯನ್ನು ಆರಂಭಿಸಿದರು. ಸರಪಳಿಯ ಬಾಸ್ಕೆಟ್ ಕೂಡ ಅವರದೇ ಕಲ್ಪನೆ. ಇಂದಿಗೂ ಈ ಆಟದ ದೊಡ್ಡ ಪಂದ್ಯಗಳಲ್ಲೊಂದಾದ ಯುನೈಟೆಡ್ ಸ್ಟೇಟ್ಸ್ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ ನಡೆಯುವುದು, ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿರುವ ವಿನ್‌ತ್ರಾಪ್ ವಿಶ್ವವಿದ್ಯಾಲಯದ ಕೆರೆಯಂಚಿನ ಮೈದಾನದಲ್ಲಿ, ಪಂದ್ಯಕ್ಕೆಂದೇ ಹಗ್ಗಗಳನ್ನು ಹಾಸಿ ಸಿದ್ಧಪಡಿಸುವ ಕೋರ್ಸಿನಲ್ಲಿ. 1999ರಲ್ಲಿ ಆರಂಭವಾದ ಆ ಪಂದ್ಯದ ಮೊದಲ ವಿಜೇತ ಕೆನ್ ಕ್ಲೈಮೋ. ಅಲ್ಲಿನ 5ನೆಯ ಹೋಲ್ ಕೆರೆಯನ್ನು ಬಳಸಿಕೊಂಡು ಸಾಗುತ್ತದೆ. 17ನೆಯ ಹೋಲ್‌ನ ಗ್ರೀನ್, ಅಂದರೆ ಬಾಸ್ಕೆಟ್ಟಿನ ಸುತ್ತಲಿನ ಜಾಗ, ಒಣಹುಲ್ಲಿನ ಪಿಂಡಿಗಳ ನಡುವಿನ ದ್ವೀಪದಂತಿದ್ದು, ನೀರಿಲ್ಲದೆಯೂ ನೀರಿನಷ್ಟೇ ಭಯ ಹುಟ್ಟಿಸುತ್ತದೆ. ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ಷಾರ್ಲಟ್ ನಗರದಿಂದ ರಾಕ್ ಹಿಲ್ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಆ ಭಾಗದಲ್ಲಿರುವವರು ಅಕ್ಟೋಬರಿನಲ್ಲಿ ಪಂದ್ಯ ನಡೆಯುವಾಗ ಒಮ್ಮೆ ಹೋಗಿ, ಆಟಗಾರರ ತೋಳನ್ನಲ್ಲ, ಅವರು ಹಗ್ಗದಿಂದ ಎಷ್ಟು ದೂರ ಬಿಟ್ಟು ಗುರಿಯಿಡುತ್ತಾರೆ ಎಂಬುದನ್ನು ನೋಡಿ ಬರುವುದು ಒಳ್ಳೆಯದು.

ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ

ಬೆಂಗಳೂರಿನಲ್ಲಿ ಅಲ್ಟಿಮೇಟ್ ಎಂಬ ಫ್ರಿಸ್ಬಿಯ ತಂಡದಾಟ ಆಡಿ ಬಂದವರಿಗೆ 175 ಗ್ರಾಂ ತೂಕದ, ಸುಮಾರು 27 ಸೆಂಟಿಮೀಟರ್ ಅಗಲದ ಡಿಸ್ಕ್ ಕೈಗೆ ಒಗ್ಗಿರುತ್ತದೆ. ಗಾಲ್ಫ್ ಡಿಸ್ಕ್ ಬೇರೆಯದೇ ವಸ್ತು. ಅದರ ಅಗಲ ಹೆಚ್ಚುಕಡಿಮೆ 21 ಸೆಂಟಿಮೀಟರ್ ಮಾತ್ರ. ತೂಕ ಸಾಮಾನ್ಯವಾಗಿ 150ರಿಂದ 175 ಗ್ರಾಂ. ಅಂಚು ಗಟ್ಟಿ ಮತ್ತು ಚೂಪು. ಆದ್ದರಿಂದಲೇ ಅದು ಹೆಚ್ಚು ದೂರ ಹಾರುತ್ತದೆ, ತಗುಲಿದರೆ ಹೆಚ್ಚು ನೋಯಿಸುತ್ತದೆ. ಕೈಚಾಚಿ ಹಿಡಿಯುವ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಬೇಕು.

ಹೊಸಬರಿಗೆ ಮೂರು ಡಿಸ್ಕ್ ಸಾಕು: ಹತ್ತಿರದ ಎಸೆತಕ್ಕೆ ಒಂದು ಪಟ್ಟರ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್, ದೂರದ ಎಸೆತಕ್ಕೆ ಹೆಚ್ಚು ವೇಗ ಬೇಡದ ಒಂದು ಫೇರ್‌ವೇ ಡ್ರೈವರ್. ಡಿಸ್ಕಿನ ಮೇಲೆ ಹೆಚ್ಚಾಗಿ ನಾಲ್ಕು ಅಂಕಿಗಳು ಮುದ್ರಿತವಾಗಿರುತ್ತವೆ. ಮೊದಲನೆಯದು ಅದು ಸರಿಯಾಗಿ ಹಾರಲು ಬೇಕಾದ ವೇಗವನ್ನೂ, ಎರಡನೆಯದು ಗಾಳಿಯಲ್ಲಿ ತೇಲುವ ಗುಣವನ್ನೂ, ಮೂರನೆಯದು ಹಾರಾಟದ ಆರಂಭದಲ್ಲಿ ಹೊರಳುವ ಬಗೆಯನ್ನೂ, ನಾಲ್ಕನೆಯದು ವೇಗ ಕುಂದಿದಾಗ ಕೊನೆಯಲ್ಲಿ ವಾಲುವ ಬಗೆಯನ್ನೂ ಸೂಚಿಸುತ್ತವೆ. ವೇಗದ ಅಂಕಿ 11 ಅಥವಾ 12 ಇರುವ ಡ್ರೈವರ್ ಕೊಂಡರೆ ದೂರ ಎಸೆಯಬಹುದೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದಕ್ಕೆ ಬೇಕಾದ ವೇಗ ತೋಳಿನಲ್ಲಿ ಇಲ್ಲದಿದ್ದರೆ ಅದು ಬೇಗನೆ ಎಡಕ್ಕೆ ವಾಲಿ ನೆಲ ಕಚ್ಚುತ್ತದೆ; ಆ ಎಡದಲ್ಲಿ ಕೆರೆಯಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ನೀರಿನಲ್ಲಿ ಹೆಚ್ಚಿನ ಡಿಸ್ಕ್‌ಗಳು ಮುಳುಗುತ್ತವೆ. ಇನ್ನೋವಾ ಸಂಸ್ಥೆಯ ಡ್ರ್ಯಾಗನ್, ವಾಹೂ, ಹೈಡ್ರಾ ಮುಂತಾದ ಕೆಲವನ್ನು ತೇಲುವಂತೆಯೇ ತಯಾರಿಸಲಾಗಿದೆ. ಹಾಗೆಂದು ತೇಲುವ ಡಿಸ್ಕ್‌ಗಳಿಂದಲೇ ಇಡೀ ಸುತ್ತನ್ನು ಆಡುವುದನ್ನು ನಾನು ಒಪ್ಪುವುದಿಲ್ಲ. ತಮ್ಮ ಕೈಗೆ ಒಗ್ಗದ ಡಿಸ್ಕಿನಿಂದ ಎಸೆದು ನೀರಿಗೆ ಬೀಳಿಸಿ, ಅದು ತೇಲಿತಲ್ಲ ಎಂದು ಸಮಾಧಾನಪಡುವುದಕ್ಕಿಂತ ಒಗ್ಗಿದ ಡಿಸ್ಕಿನಿಂದ ನೆಲದ ಮೇಲೆ ಉಳಿಯುವುದು ಮೇಲು. ನೀರನ್ನು ದಾಟಲೇಬೇಕಾದ ಹೋಲ್‌ಗೆಂದು ತೇಲುವ ಡಿಸ್ಕೊಂದು ಚೀಲದಲ್ಲಿದ್ದರೆ ಸಾಕು. ಬಣ್ಣದ ವಿಷಯದಲ್ಲಿ ಮಾತ್ರ ರಾಜಿ ಬೇಡ: ಗಾಢ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಡಿಸ್ಕ್ ಹುಲ್ಲಿನಲ್ಲೂ ಮೊಣಕಾಲುದ್ದದ ನೀರಿನಲ್ಲೂ ಕಾಣುತ್ತದೆ, ಹಸಿರು ಮತ್ತು ಕಡುನೀಲಿ ಕಾಣುವುದಿಲ್ಲ. ಡಿಸ್ಕಿನ ಒಳಮೈಯಲ್ಲಿ ಅಳಿಸದ ಶಾಯಿಯಿಂದ ಹೆಸರು ಮತ್ತು ಫೋನ್ ಸಂಖ್ಯೆ ಬರೆದಿಡಿ. ಸಿಕ್ಕವರು ಕರೆಮಾಡಿ ಮರಳಿಸುವ ಒಳ್ಳೆಯ ಸಂಪ್ರದಾಯ ಈ ಆಟದಲ್ಲಿದೆ.

ಎರಡು ಟವೆಲ್ ಇಟ್ಟುಕೊಳ್ಳಿ. ಬೆಳಗಿನ ಇಬ್ಬನಿಯಲ್ಲಿ ತೊಯ್ದ ಡಿಸ್ಕ್ ಬೆರಳಿನಿಂದ ಜಾರುತ್ತದೆ, ಹಾಗಾಗಿ ಒಂದು ಅದಕ್ಕೆ. ಕೆರೆಯ ದಂಡೆಯ ಹುಲ್ಲೆಲ್ಲ ಕೆನಡಾ ಹೆಬ್ಬಾತುಗಳ ಪಾಲಾಗಿರುವುದರಿಂದ, ಡಿಸ್ಕ್ ಏನನ್ನು ಮೆತ್ತಿಕೊಂಡು ಬರುತ್ತದೆ ಎಂಬುದನ್ನು ಊಹಿಸಬಹುದು, ಇನ್ನೊಂದು ಅದಕ್ಕೆ. ಬೇಸಿಗೆಯಲ್ಲಿ ಉಣ್ಣೆಹುಳುಗಳನ್ನು ದೂರವಿಡುವ ಲೇಪ, ಜಾರದ ಅಡಿಯುಳ್ಳ ಬೂಟು, ಕುಡಿಯುವ ನೀರು, ಲೈಯನ್ನು, ಅಂದರೆ ಮುಂದಿನ ಎಸೆತದ ಜಾಗವನ್ನು, ಗುರುತಿಸಲು ಮಿನಿ ಮಾರ್ಕರ್ ಎಂಬ ಒಂದು ಪುಟ್ಟ ಡಿಸ್ಕ್ ಇದ್ದರೆ ಸಿದ್ಧತೆ ಮುಗಿಯಿತು.

ಕೋರ್ಸನ್ನು ಓದುವುದು

ಆಟ ಆರಂಭವಾಗುವುದಕ್ಕಿಂತ ಕನಿಷ್ಠ ಅರ್ಧ ಗಂಟೆ ಮೊದಲೇ ಹೋಗಿ ಕೋರ್ಸಿನ ನಕ್ಷೆಯನ್ನು ಪಡೆದುಕೊಳ್ಳಬೇಕು. ಹೆಚ್ಚಿನವರು ಯುಡಿಸ್ಕ್ ಎಂಬ ಆ್ಯಪ್‌ನಲ್ಲಿ ಅಂಕ ಬರೆಯುತ್ತಾರಾದರೂ, ಹಿಂದಿನ ಸಂಜೆ ತಾನೇ ಕಟ್ಟಿದ ಕೋರ್ಸಿನ ಹಗ್ಗ ಎಲ್ಲಿದೆ ಎಂಬುದನ್ನು ಆ್ಯಪ್‌ಗಿಂತ ಆಯೋಜಕರ ಕೈಬರಹದ ನಕ್ಷೆಯೇ ಸರಿಯಾಗಿ ಹೇಳುವ ಸಾಧ್ಯತೆ ಹೆಚ್ಚು. ಟೀ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಿ. ಚಾಪೆಯಾಗಲಿ ಸಿಮೆಂಟಾಗಲಿ ಇಲ್ಲದೆ ಗೆರೆ ಅಥವಾ ಎರಡು ಬಾವುಟಗಳು ಮಾತ್ರ ಇದ್ದರೆ, ಪಿಡಿಜಿಎ ನಿಯಮದಂತೆ ಆ ಗೆರೆಯಿಂದ ಹಿಂದಕ್ಕೆ 3 ಮೀಟರ್ ಜಾಗ ಟೀ ಎನಿಸಿಕೊಳ್ಳುತ್ತದೆ. ಡಿಸ್ಕ್ ಕೈಬಿಡುವ ಗಳಿಗೆಯಲ್ಲಿ ನಿಮ್ಮ ಕಾಲು ಅದರೊಳಗೆ ನೆಲ ಮುಟ್ಟಿರಬೇಕು. ಹುಲ್ಲಿನ ಟೀಯಲ್ಲಿ ಓಡಿಬಂದು ಎಸೆಯುವ ಮುನ್ನ ನೆಲದಲ್ಲಿ ಗುಂಡಿ, ಬೇರು, ಕೆಸರು ಇವೆಯೇ ಎಂದು ಕಾಲಿನಿಂದ ತಡವಿ ನೋಡಿ. ಒಂದೆರಡು ಗುಂಪುಗಳು ಆಡಿದ ಮೇಲೆ ಹುಲ್ಲು ಕಿತ್ತು ನೆಲ ಜಾರತೊಡಗುತ್ತದೆ. ಅಂಥಲ್ಲಿ ಓಟವನ್ನು ಬಿಟ್ಟು ನಿಂತಲ್ಲಿಂದಲೇ ಎಸೆದರೆ ದೂರ ಸ್ವಲ್ಪ ಕಡಿಮೆಯಾದರೂ ದಿಕ್ಕು ತಪ್ಪುವುದಿಲ್ಲ.

ಆಟಗಾರರ ಸಭೆಯಲ್ಲಿ ಆಯೋಜಕರು ಕೋರ್ಸಿನ ವಿಶೇಷ ನಿಯಮಗಳನ್ನು ತಿಳಿಸುತ್ತಾರೆ. ಅವರು ಹೇಳದಿದ್ದರೂ ನೀವು ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ. ಕೆರೆಯ ಬದಿಯಲ್ಲಿ ಗಡಿಯೆಂದರೆ ನೀರಿನ ಅಂಚೋ, ಹಗ್ಗವೋ, ಅಥವಾ ನೆಟ್ಟ ಗೂಟಗಳ ನಡುವಿನ ನೇರ ರೇಖೆಯೋ? ಜೊಂಡು ಬೆಳೆದ ಕಡೆ ನೀರು ಎಲ್ಲಿ ಆರಂಭವಾಗುತ್ತದೆಂದು ಯಾರಿಗೂ ಖಚಿತವಿರುವುದಿಲ್ಲವಾದ್ದರಿಂದ, ಹೆಚ್ಚಿನ ಜಗಳಗಳು ಹುಟ್ಟುವುದು ಈ ಒಂದು ವಿಷಯದಲ್ಲೇ. ನಡೆಯುವ ದಾರಿ, ವಾಹನ ನಿಲ್ಲಿಸುವ ಜಾಗ, ಮಕ್ಕಳ ಆಟದ ಅಂಗಳ ಗಡಿಯೊಳಗೋ ಹೊರಗೋ? ಯಾವ ಹೋಲ್‌ಗೆ ಡ್ರಾಪ್ ಜೋನ್, ಅಂದರೆ ಡಿಸ್ಕ್ ಗಡಿ ದಾಟಿದಾಗ ಮುಂದಿನ ಎಸೆತಕ್ಕೆಂದು ಗೊತ್ತುಮಾಡಿದ ಜಾಗ ಇದೆ, ಅದನ್ನು ಬಳಸುವುದು ಕಡ್ಡಾಯವೋ ಐಚ್ಛಿಕವೋ? ಯಾವುದಾದರೂ ಮರವನ್ನು ಇಂಥದೇ ಬದಿಯಿಂದ ದಾಟಬೇಕೆಂಬ ಮ್ಯಾಂಡೋ ಇದೆಯೇ?

ಸಮಯವಿದ್ದರೆ ಕೆರೆಗೆ ತಾಗಿದ ಹೋಲ್‌ಗಳನ್ನಾದರೂ ನಡೆದು ನೋಡಿ, ಮತ್ತು ಬಾಸ್ಕೆಟ್ ಬಳಿ ನಿಂತು ಟೀಯ ಕಡೆಗೆ ತಿರುಗಿ ನೋಡಿ. ಟೀಯಿಂದ ಸಮತಟ್ಟಾಗಿ ಕಂಡ ಹುಲ್ಲುಹಾಸು ನೀರಿನ ಕಡೆಗೆ ಎಷ್ಟು ಇಳಿಜಾರಾಗಿದೆ, ಬಾಸ್ಕೆಟ್ಟಿನ ಹಿಂದೆ ಎಷ್ಟು ಹೆಜ್ಜೆ ನೆಲವಿದೆ, ಯಾವ ಬದಿಯಲ್ಲಿ ವಿಶಾಲ ಜಾಗವಿದೆ ಎಂಬುದೆಲ್ಲ ಆಗ ತಿಳಿಯುತ್ತದೆ. ಆ ವಿಶಾಲ ಜಾಗವೇ ನಿಮ್ಮ ಎಸೆತ ಕೆಟ್ಟರೂ ಚಿಂತೆಯಿಲ್ಲದ ಜಾಗ.

ಗಾಳಿ

ಕೆರೆಯ ಮೇಲೆ ಗಾಳಿಗೆ ಅಡ್ಡಿಯಾಗುವ ಮರಗಳಾಗಲಿ ಮನೆಗಳಾಗಲಿ ಇಲ್ಲದಿರುವುದರಿಂದ ಅದು ನೀರಿನ ಮೇಲಿಂದ ರಭಸವಾಗಿ ಬರುತ್ತದೆ. ಮಿಷಿಗನ್‌ನಂಥ ಮಹಾಸರೋವರದ ದಂಡೆಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುವುದರಿಂದ ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ತೆರವನ್ನು ತುಂಬಲು ನೀರಿನ ಕಡೆಯಿಂದ ತಂಪು ಗಾಳಿ ಮಧ್ಯಾಹ್ನದ ಹೊತ್ತಿಗೆ ಬೀಸತೊಡಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಬೆಳಗಿನ ಸುತ್ತಿಗೇ ಹೆಸರು ಕೊಡಿ. ಮರಗಳ ಮರೆಯಲ್ಲಿರುವ ಟೀಯಲ್ಲಿ ನಿಂತಾಗ ಗಾಳಿಯೇ ಇಲ್ಲವೆನ್ನಿಸಬಹುದು. ಡಿಸ್ಕ್ ಹಾರುವ ಎತ್ತರದಲ್ಲಿ ಹಾಗಿರುವುದಿಲ್ಲ. ಮುಖಕ್ಕೆ ತಾಗುವ ಗಾಳಿಯನ್ನು ನಂಬದೆ ನೀರಿನ ಮೇಲಿನ ಅಲೆಗಳು ಸಾಗುವ ದಿಕ್ಕನ್ನೂ ಬಾಸ್ಕೆಟ್ಟಿಗೆ ಕಟ್ಟಿದ ಪಟ್ಟಿಯನ್ನೂ ನೋಡಿ ನಿರ್ಧರಿಸಬೇಕು.

ಎದುರುಗಾಳಿಯಲ್ಲಿ ಡಿಸ್ಕಿಗೆ ತಾಗುವ ಗಾಳಿಯ ವೇಗ ಹೆಚ್ಚುವುದರಿಂದ, ಬಲಗೈಯವರು ಬ್ಯಾಕ್‌ಹ್ಯಾಂಡಿನಲ್ಲಿ, ಅಂದರೆ ತೋಳನ್ನು ಎದೆಗೆ ಅಡ್ಡಲಾಗಿ ಎಳೆದು, ಎಸೆದ ಡಿಸ್ಕ್ ಎಂದಿಗಿಂತ ಹೆಚ್ಚಾಗಿ ಬಲಕ್ಕೆ ಹೊರಳುತ್ತದೆ, ಮೇಲಕ್ಕೂ ಏಳುತ್ತದೆ. ಅದಕ್ಕೆ ಮದ್ದು ಹೆಚ್ಚಿನ ಬಲವಲ್ಲ. ಹೊರಳದ ಸ್ವಭಾವದ, ಅಂದರೆ ಓವರ್‌ಸ್ಟೇಬಲ್ ಡಿಸ್ಕನ್ನು ಆರಿಸಿಕೊಂಡು ಅದರ ಮುಂದಿನ ಅಂಚು ತುಸು ಕೆಳಗಿರುವಂತೆ ತಗ್ಗಿನಲ್ಲಿ ಎಸೆಯಬೇಕು. ಹಿಂದಿನಿಂದ ಬೀಸುವ ಗಾಳಿಯಲ್ಲಿ ಇದರ ವಿರುದ್ಧ ನಡೆಯುತ್ತದೆ: ಡಿಸ್ಕ್ ಬೇಗ ಕೆಳಗಿಳಿದು ಬೇಗ ಎಡಕ್ಕೆ ವಾಲುತ್ತದೆಯಾದ್ದರಿಂದ, ಚೆನ್ನಾಗಿ ತೇಲುವ ಡಿಸ್ಕನ್ನು ಸ್ವಲ್ಪ ಎತ್ತರದಲ್ಲಿ ಎಸೆದರೆ ದೂರ ಸಿಗುತ್ತದೆ. ಅಡ್ಡಗಾಳಿಯಲ್ಲಿ ನೆನಪಿಡಬೇಕಾದದ್ದು, ಗಾಳಿ ಡಿಸ್ಕಿನ ಹೊಟ್ಟೆಗೆ ತಾಗುತ್ತದೆಯೋ ಬೆನ್ನಿಗೆ ತಾಗುತ್ತದೆಯೋ ಎಂಬುದು. ಎಡಕ್ಕೆ ವಾಲಿದ ಡಿಸ್ಕಿನ ಹೊಟ್ಟೆ ಬಲಕ್ಕೆ ತೆರೆದಿರುತ್ತದೆ. ಆಗ ಬಲದಿಂದ ಬೀಸುವ ಗಾಳಿ ಅದನ್ನು ಎತ್ತಿ ಎಡಕ್ಕೆ ಬಹುದೂರ ಒಯ್ಯುತ್ತದೆ. ಎಡದಿಂದ ಬೀಸುವ ಗಾಳಿ ಬೆನ್ನಿಗೆ ಬಡಿದು ನೆಲಕ್ಕೆ ಒತ್ತುತ್ತದೆ. ಕೆರೆ ಎಡಕ್ಕಿದ್ದು ಗಾಳಿ ಬಲದಿಂದ ಬರುತ್ತಿದ್ದರೆ ಅದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ.

ಎಸೆತದ ಆಯ್ಕೆ

ಬಲಗೈ ಬ್ಯಾಕ್‌ಹ್ಯಾಂಡ್ ಎಸೆತ ಕೊನೆಯಲ್ಲಿ ಎಡಕ್ಕೆ ವಾಲುತ್ತದೆ, ಅಂಗೈ ಮುಂದಾಗಿ ತೋಳನ್ನು ಪಕ್ಕದಿಂದ ಬೀಸುವ ಬಲಗೈ ಫೋರ್‌ಹ್ಯಾಂಡ್ ಬಲಕ್ಕೆ ವಾಲುತ್ತದೆ. ಎಡಗೈಯವರಿಗೆ ಇದು ತಿರುವುಮುರುವು. ಕೆರೆ ಬಲಗಡೆಗಿದ್ದರೆ ಬಲಗೈ ಬ್ಯಾಕ್‌ಹ್ಯಾಂಡಿನವರಿಗೆ ಕೆಲಸ ಸುಲಭ. ಹೊರ ಅಂಚನ್ನು ತಗ್ಗಿಸಿ, ಎಂದರೆ ಹೈಜರ್ ಕೋನದಲ್ಲಿ ಎಸೆದರೆ ಡಿಸ್ಕ್ ತಾನಾಗಿ ನೀರಿನಿಂದ ದೂರ ಸರಿಯುತ್ತದೆ. ಅಲ್ಲಿರುವ ಅಪಾಯ ಒಂದೇ, ಬೆರಳು ಬಿಗಿಯಾಗಿ ಹಿಡಿದು ಡಿಸ್ಕನ್ನು ತಡವಾಗಿ ಬಿಟ್ಟರೆ ಅದು ನೇರವಾಗಿ ಬಲಕ್ಕೆ ಹೋಗುತ್ತದೆ.

ಕೆರೆ ಎಡಗಡೆಗಿದ್ದಾಗ ವಿಷಯ ಜಟಿಲವಾಗುತ್ತದೆ. ಫೋರ್‌ಹ್ಯಾಂಡ್ ಎಸೆದರೆ ಡಿಸ್ಕ್ ಕೊನೆಯಲ್ಲಿ ನೀರಿನಿಂದ ದೂರ ಬರುತ್ತದೆ, ಆದ್ದರಿಂದ ಅದೇ ಕ್ಷೇಮ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಗಡಿಯಾಚೆ ಬಿದ್ದ ಡಿಸ್ಕಿಗೆ ಮುಂದಿನ ಎಸೆತದ ಜಾಗವನ್ನು, ಅದು ಕೊನೆಯ ಬಾರಿಗೆ ಗಡಿಯೊಳಗಿದ್ದ ಬಿಂದುವಿನಿಂದ ಲೆಕ್ಕ ಹಾಕುತ್ತಾರೆ. 90 ಮೀಟರ್ ಉದ್ದದ ಹೋಲೊಂದನ್ನು ತೆಗೆದುಕೊಳ್ಳೋಣ, ಉದ್ದಕ್ಕೂ ಎಡದಲ್ಲಿ ಕೆರೆ. ಒಬ್ಬರು ಬ್ಯಾಕ್‌ಹ್ಯಾಂಡಿನಲ್ಲಿ ನೆಲದ ಮೇಲಿಂದಲೇ ಎಸೆದದ್ದು 70 ಮೀಟರ್ ಸಾಗಿದ ಮೇಲೆ ಎಡಕ್ಕೆ ವಾಲಿ ನೀರಿಗೆ ಬಿತ್ತು. ಒಂದು ಎಸೆತ, ಒಂದು ದಂಡ, ಮೂರನೆಯದನ್ನು ಬಾಸ್ಕೆಟ್ಟಿನಿಂದ ಸುಮಾರು 20 ಮೀಟರ್ ದೂರದಲ್ಲಿ ನಿಂತು ಎಸೆಯುತ್ತಾರೆ. 4ರಲ್ಲಿ ಮುಗಿಯುವ ಸಂಭವ ಹೆಚ್ಚು. ಇನ್ನೊಬ್ಬರು ಫೋರ್‌ಹ್ಯಾಂಡಿನಲ್ಲಿ ಟೀಯಿಂದ 20 ಮೀಟರ್ ಆದೊಡನೆಯೇ ನೀರಿನ ಮೇಲೆ ಹೋಗಿ ಮರಳಿ ಬರುವಂತೆ ಎಸೆದರು, ಆದರೆ ಡಿಸ್ಕ್ ಮರಳಲಿಲ್ಲ. ಅವರ ಮೂರನೆಯ ಎಸೆತ 70 ಮೀಟರ್ ದೂರದಿಂದ. 5 ಅಥವಾ 6 ಆಗದಿದ್ದರೆ ಅವರ ಪುಣ್ಯ. ದಂಡ ಇಬ್ಬರಿಗೂ ಒಂದೇ, ಕಳೆದುಕೊಂಡ ದೂರ ಮಾತ್ರ ಒಂದೇ ಅಲ್ಲ. ಆದ್ದರಿಂದ ನೀರಿನ ಮೇಲೆ ಹಾರಿ ಮರಳುವ ದಾರಿಗಿಂತ ನೆಲದ ಮೇಲೆ ಹಾರುವ ದಾರಿಯೇ ಬಹುಪಾಲು ಸಂದರ್ಭಗಳಲ್ಲಿ ಅಗ್ಗ.

ಇವೆರಡಕ್ಕಿಂತಲೂ ನಾನು ಹೊಸಬರಿಗೆ ಸೂಚಿಸುವುದು ಮೂರನೆಯ ದಾರಿ. ಮಿಡ್‌ರೇಂಜ್ ಅಥವಾ ಪಟ್ಟರಿನಿಂದ, ಕೆರೆಗೆ ದೂರವಾದ ಬಲಬದಿಗೆ ಗುರಿಯಿಟ್ಟು 60 ಮೀಟರ್ ಎಸೆಯಿರಿ, ಅಲ್ಲಿಂದ 30 ಮೀಟರನ್ನು ನಿಧಾನವಾಗಿ ಮುಗಿಸಿ, ಬಳಿಕ ಪಟ್ ಮಾಡಿ, ಅಂದರೆ ಹತ್ತಿರದಿಂದ ಬಾಸ್ಕೆಟ್ಟಿನೊಳಕ್ಕೆ ಎಸೆಯಿರಿ. ದಂಡವಿಲ್ಲದೆ 3 ಸಿಗುತ್ತದೆ, ಪಟ್ ತಪ್ಪಿದರೂ 4. ಪಕ್ಕದವರ ಡ್ರೈವರ್ ನೀರಿನ ಮೇಲಿಂದ ಸೊಗಸಾಗಿ ಬಾಗಿ ಬಾಸ್ಕೆಟ್ಟಿನ ಬುಡಕ್ಕೆ ಬಂದಿಳಿದದ್ದನ್ನು ಕಂಡ ಮೇಲೆ ಈ ಸಲಹೆಯನ್ನು ಪಾಲಿಸುವುದು ಕಷ್ಟ ಎಂಬುದನ್ನು ಬಲ್ಲೆ.

ಡಿಸ್ಕ್ ನೆಲ ಮುಟ್ಟಿದ ಮೇಲೆ ಏನು ಮಾಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವೇಗದ ಡ್ರೈವರ್ ಎಡಕ್ಕೆ ವಾಲಿ ನೆಲಕ್ಕೆ ತಾಗಿದರೆ, ಒಣಗಿದ ಕತ್ತರಿಸಿದ ಹುಲ್ಲಿನ ಮೇಲೆ ಚಿಮ್ಮಿ ಇನ್ನೂ ಹಲವು ಮೀಟರ್ ಎಡಕ್ಕೆ ಜಾರುತ್ತದೆ. ಪಟ್ಟರ್ ಚಪ್ಪಟೆಯಾಗಿ ಇಳಿದು ಅಲ್ಲೇ ಕೂರುತ್ತದೆ. ಕೆರೆಯಂಚಿನ ಬಾಸ್ಕೆಟ್ಟಿಗೆ ಹತ್ತಿರ ಹೋಗುವ ಎಸೆತಕ್ಕೆ ಪಟ್ಟರನ್ನೇ ಆರಿಸುವುದು ಇದೇ ಕಾರಣಕ್ಕೆ.

ನೀರನ್ನು ಪೂರ್ತಿ ದಾಟಲೇಬೇಕಾದ ಹೋಲ್‌ನಲ್ಲಿ ಪ್ರಾಮಾಣಿಕವಾದ ಅಂದಾಜು ಬೇಕು. ದಾಟಬೇಕಾದ ದೂರ 60 ಮೀಟರ್ ಇದ್ದು ನಿಮ್ಮ ಅತ್ಯುತ್ತಮ ಎಸೆತ 65 ಮೀಟರ್ ಆಗಿದ್ದರೆ, ಅದನ್ನು ದಾಟಲಾಗದ ನೀರು ಎಂದೇ ಪರಿಗಣಿಸಿ ಬಳಸು ದಾರಿ ಹಿಡಿಯಿರಿ. ನೀರು ಕಂಡೊಡನೆ ಭುಜ ಬಿಗಿದು, ಬಲ ಹೆಚ್ಚಿಸಿ, ಡಿಸ್ಕಿನ ಮುಂದಿನ ಅಂಚನ್ನು ಎತ್ತಿಬಿಡುವುದು ಸಹಜ. ಹಾಗೆ ಅಂಚು ಎತ್ತಿದ ಡಿಸ್ಕ್ ಮೇಲಕ್ಕೇರಿ, ನಿಂತಂತಾಗಿ, ದಡಕ್ಕೆ ಮೊದಲೇ ಬೀಳುತ್ತದೆ.

ಡಿಸ್ಕ್ ಗಡಿ ದಾಟಿದಾಗ

ಆಟಗಾರರು ಓಬಿ ಎನ್ನುವ ಗಡಿಯಾಚೆಗಿನ ಪ್ರದೇಶದಲ್ಲಿ ಡಿಸ್ಕ್ ಸಂಪೂರ್ಣವಾಗಿ ಇದ್ದರೆ ಮಾತ್ರ ದಂಡ ಬೀಳುತ್ತದೆ. ಗಡಿಯ ಗೆರೆ ಅಥವಾ ಹಗ್ಗವೂ ಓಬಿಗೇ ಸೇರಿದ್ದು. ಡಿಸ್ಕಿನ ಅಂಚಿನ ಒಂದಿಷ್ಟಾದರೂ ಗಡಿಯೊಳಗೆ ಉಳಿದಿದ್ದರೆ ನೀವು ಪಾರು. ನೀರಿನಲ್ಲಿ ತೇಲುತ್ತಿರುವ ಡಿಸ್ಕ್ ಕೇವಲ ನೀರಿನ ಚಲನೆಯಿಂದ ಸರಿಯುತ್ತಿದ್ದರೆ ಅದು ನಿಂತಿದೆ ಎಂದೇ ಲೆಕ್ಕ. ಅಲೆ ಅದನ್ನು ದಡಕ್ಕೆ ತರಲೆಂದು ಕಾಯುವಂತಿಲ್ಲ.

ಓಬಿಯಾದರೆ ಒಂದು ದಂಡದ ಎಸೆತ ಸೇರಿಸಿಕೊಂಡು, ಹಿಂದಿನ ಜಾಗದಿಂದ ಮತ್ತೆ ಎಸೆಯಬಹುದು, ಅಥವಾ ಕೊನೆಯ ಬಾರಿಗೆ ಗಡಿಯೊಳಗಿದ್ದ ಬಿಂದುವಿನಿಂದ 1 ಮೀಟರ್ ಒಳಗೆ ಮಿನಿ ಇಟ್ಟು ಅಲ್ಲಿಂದ ಎಸೆಯಬಹುದು. ಆಯೋಜಕರು ಡ್ರಾಪ್ ಜೋನ್ ಗೊತ್ತುಪಡಿಸಿದ್ದರೆ ಅದರ ನಿಯಮ ಅನ್ವಯಿಸುತ್ತದೆ. ಆ ಬಿಂದು ಯಾವುದು ಎಂಬುದನ್ನು ಗುಂಪಿನವರು ಬಹುಮತದಿಂದ ತೀರ್ಮಾನಿಸುತ್ತಾರೆ. ಆದ್ದರಿಂದ ನಿಮ್ಮ ಎಸೆತವನ್ನಷ್ಟೇ ಅಲ್ಲ, ಜೊತೆಯವರ ಎಸೆತಗಳನ್ನೂ ಕೊನೆಯವರೆಗೆ ಕಣ್ಣಿಟ್ಟು ನೋಡುವುದು ಕರ್ತವ್ಯ. ಡಿಸ್ಕ್ ಗಡಿ ದಾಟಿದ ಜಾಗದ ನೇರದಲ್ಲಿರುವ ಮರವನ್ನೋ ಬೆಂಚನ್ನೋ ಆ ಕ್ಷಣದಲ್ಲೇ ಗುರುತಿಟ್ಟುಕೊಂಡರೆ ಅಲ್ಲಿಗೆ ಹೋದಾಗ ಚರ್ಚೆ ಬೆಳೆಯುವುದಿಲ್ಲ.

ಅನೇಕರಿಗೆ ಗೊತ್ತಿಲ್ಲದ ಅನುಕೂಲವೊಂದಿದೆ. ಡಿಸ್ಕ್ ಗಡಿಯೊಳಗೇ ಇದ್ದು, ಗಡಿಯಿಂದ 1 ಮೀಟರಿಗಿಂತ ಹತ್ತಿರದಲ್ಲಿದ್ದರೆ, ಗಡಿಗೆ ಲಂಬವಾಗಿ 1 ಮೀಟರಿನಷ್ಟು ಒಳಕ್ಕೆ ನಿಮ್ಮ ಲೈಯನ್ನು ದಂಡವಿಲ್ಲದೆ ಸರಿಸಿಕೊಳ್ಳಬಹುದು. ನೀರಿನ ಅಂಚಿನ ಜಾರು ಕಲ್ಲಿನ ಮೇಲೆ ಒಂಟಿಕಾಲಿನಲ್ಲಿ ಸರ್ಕಸ್ ಮಾಡಬೇಕಾಗಿಲ್ಲ.

ಸಿಗದ ಡಿಸ್ಕನ್ನು ಹುಡುಕಲು 3 ನಿಮಿಷ ಕಾಲಾವಕಾಶ. ನಿಮ್ಮ ಸರದಿ ಬಂದು, ದಾರಿ ತೆರವಾದ ಮೇಲೆ ಎಸೆಯಲು ಸಿಗುವುದು 30 ಸೆಕೆಂಡು.

ನೀರಿನ ಪಕ್ಕದ ಪಟ್

ಬಾಸ್ಕೆಟ್ಟಿನಿಂದ 10 ಮೀಟರ್ ಒಳಗೆ ಎಸೆದ ಮೇಲೆ, ಸಮತೋಲ ಕಾಯ್ದುಕೊಂಡು ನಿಂತದ್ದನ್ನು ತೋರಿಸಿಯೇ ಮಾರ್ಕರನ್ನು ದಾಟಿ ಮುಂದೆ ಹೋಗಬೇಕು. ಹೊತ್ತೊಯ್ಯುವ ಬಾಸ್ಕೆಟ್‌ಗಳಲ್ಲಿ ಹೆಚ್ಚಿನವು ಹಗುರ, ಸರಪಳಿಗಳೂ ಕಡಿಮೆ. ಶಾಶ್ವತ ಬಾಸ್ಕೆಟ್ ಹಿಡಿಯುವ ರಭಸದ ಪಟ್ ಇಲ್ಲಿ ಸರಪಳಿಗಳ ನಡುವಿನಿಂದ ನುಸುಳಿ ಆಚೆ ಬೀಳುತ್ತದೆ. ಮೆಲ್ಲಗೆ, ಮಧ್ಯದ ಕಂಬಕ್ಕೇ ಗುರಿಯಿಟ್ಟು ಪಟ್ ಮಾಡಬೇಕು. ಡಿಸ್ಕ್ ಬಾಸ್ಕೆಟ್ಟಿನ ತಲೆಯ ಮೇಲೆ ಕೂತರೆ ಅದು ಹೋಲ್ ಮುಗಿದಂತಲ್ಲ.

ಬಾಸ್ಕೆಟ್ಟಿನ ಹಿಂದೆ ಇಳಿಜಾರು, ಅದರ ಕೆಳಗೆ ನೀರು ಇದ್ದರೆ, 8 ಮೀಟರಿನ ಪಟ್ ಕೂಡ ಎರಡು ಬಾರಿ ಯೋಚಿಸಬೇಕಾದದ್ದು. ಕಬ್ಬಿಣಕ್ಕೆ ತಾಗಿದ ಡಿಸ್ಕ್ ಅಂಚಿನ ಮೇಲೆ ನಿಂತು ಚಕ್ರದಂತೆ ಉರುಳತೊಡಗಿದರೆ ಕೆರೆಯವರೆಗೂ ನಿಲ್ಲುವುದಿಲ್ಲ. ಬಾಸ್ಕೆಟ್ಟಿನ ಮುಂದಕ್ಕೆ ಡಿಸ್ಕನ್ನು ಚಪ್ಪಟೆಯಾಗಿ ಇಳಿಸಿ, ಮುಂದಿನ ಎಸೆತದಲ್ಲಿ ಮುಗಿಸಿದರೆ ಹೋಗುವುದು ಹೆಚ್ಚೆಂದರೆ ಒಂದೇ ಎಸೆತ. ನೀರು ನಿಮ್ಮ ಬೆನ್ನಿಗಿದ್ದು ಬಾಸ್ಕೆಟ್ಟಿನ ಹಿಂದೆ ಏರು ನೆಲವಿದ್ದರೆ ಮಾತ್ರ ಧೈರ್ಯವಾಗಿ ಪ್ರಯತ್ನಿಸಿ.

ಮುಳುಗಿದ ಡಿಸ್ಕ್

ಬಾವಿಗೆ ಬಿದ್ದ ಕೊಡವನ್ನು ಎತ್ತಲು ನಮ್ಮ ಹಳ್ಳಿಗಳಲ್ಲಿ ಬಳಸುವ ಪಾತಾಳಗರಡಿಯಂತೆ, ಹಗ್ಗ ಕಟ್ಟಿದ ಲೋಹದ ಹಲ್ಲುಗಳ ಸಾಧನವೊಂದು ಇಲ್ಲಿನ ಆಟಗಾರರ ಬಳಿ ಇರುತ್ತದೆ. ಅದನ್ನು ಡಿಸ್ಕ್ ಬಿದ್ದ ಜಾಗದಿಂದ ಆಚೆಗೆ ಎಸೆದು, ತಳವನ್ನು ಬಾಚಿಕೊಂಡು ನಿಧಾನವಾಗಿ ಎಳೆಯಬೇಕು. ಗುಂಪಿನಲ್ಲಿ ಒಬ್ಬರ ಬಳಿ ಇದ್ದರೂ ಸಾಕು. ಹಿಂದೆ ಬೇರೆ ಗುಂಪು ಕಾಯುತ್ತಿದ್ದರೆ ಆಟವನ್ನು ಮುಂದುವರಿಸಿ, ಸುತ್ತು ಮುಗಿದ ಮೇಲೆ ಬಂದು ಹುಡುಕಿ.

ನೀರಿಗಿಳಿಯುವುದು ಮಾತ್ರ ಬೇಡ. 2022ರಲ್ಲಿ ಫ್ಲೋರಿಡಾದ ಲಾರ್ಗೋ ನಗರದ ಟೇಲರ್ ಪಾರ್ಕ್‌ನಲ್ಲಿ, ಡಿಸ್ಕ್ ಗಾಲ್ಫ್ ಕೋರ್ಸಿನ ಪಕ್ಕದ ಕೆರೆಯಲ್ಲಿ ಡಿಸ್ಕ್‌ಗಳನ್ನು ಹುಡುಕಲು ಇಳಿದಿದ್ದ ವ್ಯಕ್ತಿಯೊಬ್ಬರು ಪ್ರಾಣ ಕಳೆದುಕೊಂಡರು. ಆಲಿಗೇಟರ್ ಎಂಬ ಜಾತಿಯ ಮೊಸಳೆಗಳಿರುವ ಕೆರೆ ಅದು. ದಕ್ಷಿಣದ ರಾಜ್ಯಗಳಲ್ಲಿ ಈ ಅಪಾಯವಿದ್ದರೆ, ಉತ್ತರದಲ್ಲೂ ಬೇಸಿಗೆಯ ಕೊನೆಗೆ ಕೆಲವು ಕೆರೆಗಳಲ್ಲಿ ವಿಷಕಾರಿ ನೀಲಿ-ಹಸಿರು ಪಾಚಿ ಹಬ್ಬುತ್ತದೆ, ಉದ್ಯಾನದವರು ಎಚ್ಚರಿಕೆಯ ಫಲಕ ಹಾಕಿರುತ್ತಾರೆ. ಹೊಸ ಡಿಸ್ಕಿನ ಬೆಲೆ 10ರಿಂದ 20 ಡಾಲರ್, ಅಷ್ಟೇ. ದಂಡೆಯ ಪೊದೆಗಳಲ್ಲಿ ಹುಡುಕುವಾಗ ಮೂರು ಮೂರು ಎಲೆಗಳ ಗೊಂಚಲಿರುವ ಪಾಯಿಸನ್ ಐವಿ ಬಳ್ಳಿಯನ್ನು ಗುರುತಿಸಲು ಕಲಿತಿರಬೇಕು, ಅದರ ಸೋಂಕಿನಿಂದ ಆಗುವ ತುರಿಕೆ ವಾರಗಟ್ಟಲೆ ಕಾಡುತ್ತದೆ.

ಉದ್ಯಾನದ ಇತರರು

ಶಾಶ್ವತ ಕೋರ್ಸಿನ ಪಕ್ಕದಲ್ಲಿ ನಡೆಯುವವರಿಗೆ ಅಲ್ಲಿ ಡಿಸ್ಕ್ ಹಾರುತ್ತದೆಂಬುದು ಗೊತ್ತಿರುತ್ತದೆ. ತಾತ್ಕಾಲಿಕ ಕೋರ್ಸಿನ ವಿಷಯದಲ್ಲಿ ಹಾಗಲ್ಲ: ನಿನ್ನೆಯವರೆಗೆ ನಿಶ್ಚಿಂತೆಯಿಂದ ನಡೆದ ದಾರಿಯಲ್ಲಿ ಇಂದು ಡಿಸ್ಕ್ ಹಾರುತ್ತಿದೆ ಎಂಬುದು ವಾಯುವಿಹಾರಕ್ಕೆ ಬಂದ ಹಿರಿಯರಿಗಾಗಲಿ, ಮೀನು ಹಿಡಿಯುತ್ತ ಕೂತವರಿಗಾಗಲಿ, ಮಗುವಿನ ಗಾಡಿ ತಳ್ಳುವ ತಾಯಿಗಾಗಲಿ ತಿಳಿದಿರುವುದಿಲ್ಲ. ಉದ್ಯಾನ ಅವರದು, ನೀವು ಅನುಮತಿ ಪಡೆದು ಬಂದವರು. ನಿಮ್ಮ ಎಸೆತ ತಲುಪಬಹುದಾದ ದೂರದಲ್ಲಿ ಯಾರಾದರೂ ಇದ್ದರೆ ಅವರು ದಾಟುವವರೆಗೆ ಕಾಯಬೇಕು. ಟೀಯಿಂದ ಕಾಣದ ತಿರುವಿನಲ್ಲಿ ಗುಂಪಿನ ಒಬ್ಬರನ್ನು ಮುಂದೆ ನಿಲ್ಲಿಸಿ ಅವರು ಕೈ ಬೀಸಿದ ಮೇಲೆಯೇ ಎಸೆಯಬೇಕು. ದಿಕ್ಕು ತಪ್ಪಿದ ಡಿಸ್ಕ್ ಜನರ ಕಡೆಗೆ ಹೋದರೆ ನಾಚಿಕೆ ಬಿಟ್ಟು ಗಟ್ಟಿಯಾಗಿ ‘ಫೋರ್’ ಎಂದು ಕೂಗಬೇಕು. ಯಾರಾದರೂ ಏನಾಟವೆಂದು ಕೇಳಿದರೆ ಅರ್ಧ ನಿಮಿಷ ನಿಂತು ಹೇಳಿ, ಸಾಧ್ಯವಾದರೆ ಒಂದು ಪಟ್ ಅವರ ಕೈಯಿಂದಲೇ ಹಾಕಿಸಿ. ಮುಂದಿನ ವರ್ಷ ಉದ್ಯಾನದ ಅನುಮತಿ ಸಿಗುವುದಕ್ಕೆ ಇಂಥ ಅರ್ಧ ನಿಮಿಷಗಳು ನೆರವಾಗುತ್ತವೆ.

ಸುತ್ತು ಮುಗಿದ ಮೇಲೆ ಪ್ರತಿ ಹೋಲ್‌ನ ಅಂಕವನ್ನೂ ದಂಡದ ಎಸೆತಗಳನ್ನೂ ಗುಂಪಿನವರೊಂದಿಗೆ ಒಮ್ಮೆ ಓದಿ ಹೇಳಿ ಸರಿನೋಡಿದ ಬಳಿಕವೇ ಒಪ್ಪಿಸಿ. ಬಾಸ್ಕೆಟ್‌ಗಳನ್ನು ವಾಹನಕ್ಕೆ ಸಾಗಿಸಲು, ಹಗ್ಗ ಸುತ್ತಲು ಆಯೋಜಕರಿಗೆ ಕೈಗಳು ಬೇಕಾಗುತ್ತವೆ. ಬಾವುಟಗಳನ್ನು ಕೀಳುವಾಗ ಅವುಗಳ ತಂತಿ ಮುರಿದು ಹುಲ್ಲಿನಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಮರುದಿನ ಅಲ್ಲಿ ಬರಿಗಾಲಿನ ಮಕ್ಕಳೂ ಹುಲ್ಲು ಕತ್ತರಿಸುವ ಯಂತ್ರವೂ ಓಡಾಡುತ್ತವೆ. ಕೆರೆಯಿಂದ ಎತ್ತಿದ ಬೇರೆಯವರ ಡಿಸ್ಕ್‌ಗಳಲ್ಲಿ ಸಂಖ್ಯೆ ಇದ್ದವಕ್ಕೆ ಒಂದು ಸಂದೇಶ ಕಳುಹಿಸಿ, ಇಲ್ಲದವನ್ನು ಆಯೋಜಕರ ಪೆಟ್ಟಿಗೆಗೆ ಹಾಕಿ ಹೊರಡಿ.